ಭಾರ ಎಳೆಯುವ ಮೋಟಾರು ಬಂಡಿಗೆ ಟೈರುಗಳ ಆಯ್ಕೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ‘ಪಿಕಪ್’ ಎಂಬ ಒಂದು ಬಗೆಯ ಮೋಟಾರು ಬಂಡಿ ಬಹಳವಾಗಿ ಬಳಕೆಯಲ್ಲಿದೆ. ಮುಂದೆ ನಾಲ್ಕಾರು ಜನ ಕುಳಿತುಕೊಳ್ಳುವ ಕೋಣೆ, ಹಿಂದೆ ಮೇಲುಮುಚ್ಚಳವಿಲ್ಲದ ಸಾಮಾನಿನ ತೊಟ್ಟಿ. ಇದೇ ಅದರ ಆಕಾರ. ಇವುಗಳಲ್ಲಿ ‘ಹೆವಿ ಡ್ಯೂಟಿ’ ಎನಿಸಿಕೊಂಡ ಜಾತಿಯವು ಮುಖ್ಯವಾಗಿ ಎಳೆಯುವುದಕ್ಕೆಂದೇ ಹುಟ್ಟಿದವು. ಫೋರ್ಡ್ ಕಂಪೆನಿಯ ಎಫ್-೨೫೦, ಎಫ್-೩೫೦, ರ‍್ಯಾಮ್ ಹೆಸರಿನ ೨೫೦೦, ೩೫೦೦ ಮೊದಲಾದುವು ಈ ವರ್ಗಕ್ಕೆ ಸೇರಿದುವು. ಕುದುರೆಗಳನ್ನು ತುಂಬಿದ ಗಾಡಿ, ಒಣಹುಲ್ಲಿನ ಹೇರು, ದೋಣಿ, ನೆಲ ಅಗೆಯುವ ಯಂತ್ರ, ಅಡಿಗೆಮನೆ ಸಹಿತವಾಗಿ ಸಜ್ಜುಗೊಳಿಸಿದ ಚಲಿಸುವ ಮನೆ, ಇವೆಲ್ಲವನ್ನೂ ಈ ಬಂಡಿಗಳ ಹಿಂದೆ ಕಟ್ಟಿ ನೂರಾರು ಮೈಲಿ ಎಳೆದುಕೊಂಡು ಹೋಗುತ್ತಾರೆ. ಹಿಂದೆ ಕಟ್ಟಿದ ಗಾಡಿಗೆ ಟ್ರೈಲರು ಎಂದು ಹೆಸರು. ಹೀಗೆ ಮೂವತ್ತು ಸಾವಿರ ಪೌಂಡಿಗೂ ಮೀರಿದ ಭಾರವನ್ನು ಎಳೆಯಲು ಅನುಮತಿ ಪಡೆದ ಪಿಕಪ್ಪುಗಳು ಈಗ ಉಂಟು.

ಬಂಡಿಯೊಡನೆ ಬಂದ ಟೈರುಗಳು ಸವೆದಾಗ ಹೊಸವನ್ನು ಹಾಕಿಸಬೇಕಾಗುವುದು. ಆಗ ಹೆಚ್ಚಿನ ಜನರು ವಿಚಾರಿಸುವುದು ಎರಡೇ ಸಂಗತಿಗಳನ್ನು: ಬೆಲೆ ಎಷ್ಟು, ನೋಡಲು ಹೇಗಿದೆ. ದಪ್ಪ ದಪ್ಪ ಹಲ್ಲುಗಳುಳ್ಳ ಟೈರನ್ನು ಕಂಡರೆ ಬಲಶಾಲಿಯೆಂದು ತೋರುವುದು ಸಹಜವೇ ಆಗಿದೆ. ಆದರೆ ಭಾರ ಎಳೆಯತಕ್ಕ ಬಂಡಿಯ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಉಂಟು. ಟ್ರೈಲರನ್ನು ಕಟ್ಟಿ, ಜನರೂ ಸಾಮಾನೂ ಏರಿದ ಮೇಲೆ, ಬಂಡಿಯ ಹಿಂದಿನ ಎರಡು ಚಕ್ರಗಳ ಮೇಲೆ ಬೀಳುವ ತೂಕವೆಷ್ಟು? ಇದನ್ನು ತಿಳಿಯದೆ ಟೈರನ್ನು ಆರಿಸುವುದೆಂದರೆ, ಕಾಲನ್ನು ಅಳೆಯದೆ ಜೋಡನ್ನು ಹೊಲಿಸಿದಂತೆ. ಅಲ್ಲಿ ನೆಲಸಿರುವ ನಮ್ಮ ಕನ್ನಡಿಗರಿಗೂ ಈ ವಿಚಾರ ಉಪಯೋಗಕ್ಕೆ ಬಂದೀತೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಬಂಡಿಯ ಭಾರವನ್ನು ಹೊರುವುದು ಟೈರಿನ ರಬ್ಬರೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ನಿಜವಾಗಿ ಭಾರದ ಬಹುಭಾಗವನ್ನು ಹೊರುವುದು ಒಳಗೆ ಒತ್ತಿಟ್ಟ ಗಾಳಿ. ಟೈರು ಆ ಗಾಳಿಯನ್ನು ಹಿಡಿದಿಡುವ ಪಾತ್ರೆ. ಗಾಳಿ ತುಂಬಿದ ಚಕ್ರದ ಕಲ್ಪನೆ ೧೮೪೫ರಲ್ಲಿಯೇ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ನನಿಗೆ ಹೊಳೆದಿತ್ತು. ೧೮೮೮ರಲ್ಲಿ ಡನ್‌ಲಪ್ಪನ ಕೈಯಲ್ಲಿ ಅದು ಬಳಕೆಗೆ ಬಂದಿತು. ಅಂದಿನಿಂದ ಇಂದಿನವರೆಗೆ ಪಾತ್ರೆಯ ಕಟ್ಟಡ ಎಷ್ಟೋ ಬದಲಾಗಿದ್ದರೂ ತತ್ತ್ವ ಒಂದೇ. ಹೆಚ್ಚು ಭಾರವನ್ನು ಹೊರಬೇಕಾದರೆ ಹೆಚ್ಚು ಗಾಳಿ ಬೇಕು. ಎಂದರೆ ಪಾತ್ರೆ ದೊಡ್ಡದಾಗಿರಬೇಕು, ಇಲ್ಲವೆ ಒತ್ತಡ ಹೆಚ್ಚಾಗಿರಬೇಕು. ಒತ್ತಡ ಹೆಚ್ಚಾಗಬೇಕಾದರೆ ಪಾತ್ರೆಯ ಗೋಡೆ ಗಟ್ಟಿಯಾಗಿರಬೇಕು.

ಚಕ್ರವು ಉರುಳುವಾಗ ನೆಲಕ್ಕೆ ತಾಕಿದ ಭಾಗವು ಚಪ್ಪಟೆಯಾಗುತ್ತದೆ. ಮುಂದಕ್ಕೆ ಹೋದೊಡನೆ ಮತ್ತೆ ದುಂಡಗಾಗುತ್ತದೆ. ಗಂಟೆಗೆ ಅರುವತ್ತು ಮೈಲಿಯ ವೇಗದಲ್ಲಿ ಈ ಬಗ್ಗುವಿಕೆ ನಿಮಿಷಕ್ಕೆ ಆರುನೂರು ಸಲಕ್ಕೂ ಮೇಲ್ಪಟ್ಟು ನಡೆಯುವುದು. ತಂತಿಯೊಂದನ್ನು ಹಿಂದಕ್ಕೂ ಮುಂದಕ್ಕೂ ಹತ್ತಾರು ಸಲ ಬಗ್ಗಿಸಿ ಮುಟ್ಟಿ ನೋಡಿದರೆ ಬಿಸಿಯಾಗಿರುವುದು ತಿಳಿಯುತ್ತದಷ್ಟೆ. ಟೈರಿನಲ್ಲಿಯೂ ಹಾಗೆಯೇ. ಭಾರ ಹೆಚ್ಚಾದಷ್ಟೂ, ಗಾಳಿ ಕಡಮೆಯಾದಷ್ಟೂ ಬಗ್ಗುವಿಕೆ ಹೆಚ್ಚುವುದು. ವೇಗ ಹೆಚ್ಚಿದಷ್ಟೂ ಅದು ಮತ್ತೆ ಮತ್ತೆ ಬೇಗ ಬೇಗ ನಡೆಯುವುದು. ಹುಟ್ಟಿದ ಉಷ್ಣವು ಹೊರಕ್ಕೆ ಹೋಗುವುದಕ್ಕೆ ಮೊದಲೇ ಮತ್ತಷ್ಟು ಉಷ್ಣ ಬಂದು ಸೇರಿದರೆ, ಉಕ್ಕಿನ ಪಟ್ಟಿಗಳಿಗೂ ರಬ್ಬರಿಗೂ ಇರುವ ಬೆಸುಗೆ ಸಡಿಲವಾಗುತ್ತದೆ. ಮೇಲಿನ ಪದರ ಸಿಪ್ಪೆಯಂತೆ ಎದ್ದು ಬರುತ್ತದೆ. ಟೈರು ಸಿಡಿಯಿತು ಎಂದು ನಾವು ಹೇಳುವ ಅಪಘಾತಗಳಲ್ಲಿ ಅನೇಕವು ಆ ಕ್ಷಣದಲ್ಲಿ ಹುಟ್ಟಿದುವಲ್ಲ. ಎಷ್ಟೋ ಮೈಲಿಗಳ ಹಿಂದೆಯೇ ಒಳಗೊಳಗೆ ಆರಂಭವಾದುವು.

೨೦೦೦ದ ಆಗಸ್ಟ್ ತಿಂಗಳಲ್ಲಿ ಫೈರ್‌ಸ್ಟೋನ್ ಕಂಪೆನಿ ರಸ್ತೆಯ ಮೇಲಿದ್ದ ಸುಮಾರು ೬೫ ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಅವುಗಳಲ್ಲಿ ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಬಂಡಿಯಲ್ಲಿದ್ದುವು. ಮೇಲ್ಪದರ ಕಿತ್ತುಬಂದು ಬಂಡಿಗಳು ಮಗುಚಿ, ಅಮೆರಿಕಾ ಒಂದರಲ್ಲಿಯೇ ೨೭೦ಕ್ಕೂ ಹೆಚ್ಚು ಜನರು ಸತ್ತರೆಂದು ಸರ್ಕಾರಕ್ಕೆ ವರದಿ ಬಂದಿತು. ಟೈರಿನ ರಚನೆಯಲ್ಲಿ ದೋಷವಿದ್ದಿತೆಂದು ಸರ್ಕಾರದ ವಿಚಾರಣೆಯಲ್ಲಿ ಕಂಡುಬಂದಿತು. ಆದರೆ ಅದರೊಂದಿಗೆ ಗಮನಿಸಬೇಕಾದ ಅಂಶಗಳು ಎರಡು. ಅಪಘಾತಗಳು ಟೆಕ್ಸಾಸ್, ಫ್ಲಾರಿಡಾ, ಅರಿಜೋನಾದಂತಹ ಸೆಕೆಯ ಸೀಮೆಗಳಲ್ಲಿ ದಟ್ಟವಾಗಿದ್ದುವು. ಮತ್ತು ಆ ಬಂಡಿಗೆ ಗೊತ್ತುಮಾಡಿದ್ದ ಗಾಳಿಯ ಒತ್ತಡ ಚದರ ಅಂಗುಲಕ್ಕೆ ೨೬ ಪೌಂಡು ಮಾತ್ರವೇ ಆಗಿದ್ದಿತು. ಎರಡು ಕಂಪೆನಿಗಳೂ ಒಂದನ್ನೊಂದು ದೂರಿದುವು. ಆ ವರ್ಷದ ಕೊನೆಯೊಳಗೆ ಟೈರುಗಳ ಬಗ್ಗೆ ಹೊಸ ಕಾಯಿದೆಯೊಂದು ಬಂದಿತು. ಆ ಬಂಡಿಗಳಾದರೋ ಬಹುಮಟ್ಟಿಗೆ ಸಂಸಾರಗಳು ಓಡಾಡುವ ಬಂಡಿಗಳು. ಬೆನ್ನಿಗೆ ಹತ್ತು ಸಾವಿರ ಪೌಂಡಿನ ಗಾಡಿಯನ್ನು ಕಟ್ಟಿಕೊಂಡು ಬೇಸಗೆಯಲ್ಲಿ ಬೆಟ್ಟ ಹತ್ತುವ ಪಿಕಪ್ಪಿನ ಟೈರಿಗೆ ಇದಕ್ಕಿಂತ ಎಷ್ಟೋ ಕಠಿನವಾದ ಪರೀಕ್ಷೆ.

ಟ್ರೈಲರು ತನ್ನ ಭಾರವನ್ನು ತನ್ನ ಚಕ್ರಗಳ ಮೇಲೆಯೇ ಹೊತ್ತಿರುವಾಗ ಮುಂದಿನ ಬಂಡಿಯ ಟೈರಿಗೆ ಏನು ಕಷ್ಟ ಎಂದು ಕೇಳಬಹುದು. ಎತ್ತಿನ ಗಾಡಿಯನ್ನು ಬಲ್ಲವರಿಗೆ ಇದಕ್ಕೆ ಉತ್ತರ ಹೇಳಬೇಕಾಗಿಲ್ಲ. ಹೇರನ್ನು ಹಿಂದಕ್ಕೆ ಜಗ್ಗಿಸಿ ತುಂಬಿದರೆ ಮೂಕಿ ಮೇಲಕ್ಕೆ ಏಳುತ್ತದೆ, ನೊಗ ಎತ್ತುಗಳ ಕುತ್ತಿಗೆಯನ್ನು ಬಿಗಿಯುತ್ತದೆ. ಮುಂದಕ್ಕೆ ತುಂಬಿದರೆ ಹೆಗಲು ಕುಸಿಯುತ್ತದೆ. ಹದವರಿತ ರೈತನು ನೊಗದ ಮೇಲೆ ಸ್ವಲ್ಪವೇ ಭಾರ ಬೀಳುವಂತೆ ಹೇರುತ್ತಾನೆ. ಟ್ರೈಲರಿನ ಮೂಕಿಗೂ ಇದೇ ನಿಯಮ. ಬಂಡಿಯ ಹಿಂಭಾಗದ ಗುಂಡಿಗೆ ಸಿಕ್ಕಿಸುವ ಟ್ರೈಲರಿನಲ್ಲಿ ಒಟ್ಟು ತೂಕದ ನೂರಕ್ಕೆ ೧೦ರಿಂದ ೧೫ ಪಾಲು ಕೊಂಡಿಯ ಮೇಲೆ ಬೀಳಬೇಕು. ಇದಕ್ಕಿಂತ ಕಡಮೆಯಾದರೆ ಟ್ರೈಲರು ಹಾವಿನಂತೆ ಹೊರಳಾಡತೊಡಗಿ ಬಂಡಿಯನ್ನೇ ತಿರುಗಿಸಿಬಿಡುವುದುಂಟು. ತೊಟ್ಟಿಯ ಒಳಗೆ, ಹಿಂದಿನ ಚಕ್ರಗಳ ನೇರಕ್ಕೆ ಕೊಂಡಿಯಿಡುವ ದೊಡ್ಡ ಟ್ರೈಲರುಗಳಲ್ಲಿ ಈ ಪಾಲು ೧೫ರಿಂದ ೨೫ರವರೆಗೂ ಹೋಗುವುದು.

ಇನ್ನೊಂದು ಸೂಕ್ಷ್ಮವುಂಟು. ಬಂಡಿಯ ಹಿಂತುದಿಯಲ್ಲಿರುವ ಕೊಂಡಿಯು ಹಿಂದಿನ ಅಚ್ಚಿಗಿಂತಲೂ ಹಿಂದೆ ಇರುವುದರಿಂದ ಅದು ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಎರಡು ಅಚ್ಚುಗಳ ನಡುವೆ ೧೨ ಅಡಿ, ಹಿಂದಿನ ಅಚ್ಚಿನಿಂದ ಕೊಂಡಿಗೆ ೪ ಅಡಿ ಎಂದು ಇಟ್ಟುಕೊಳ್ಳೋಣ. ಕೊಂಡಿಯ ಮೇಲೆ ೧,೨೦೦ ಪೌಂಡು ಬಿದ್ದರೆ ಹಿಂದಿನ ಅಚ್ಚಿಗೆ ಸೇರುವುದು ೧,೨೦೦ ಅಲ್ಲ, ೧,೬೦೦. ಹೆಚ್ಚಿನ ೪೦೦ ಪೌಂಡು ಮುಂದಿನ ಅಚ್ಚಿನಿಂದ ಕಿತ್ತು ತಂದದ್ದು. ಆದ್ದರಿಂದಲೇ ಹಿಂದು ತಗ್ಗಿ, ಮುಂದಿನ ದೀಪಗಳು ಆಕಾಶವನ್ನು ನೋಡುತ್ತವೆ. ಭಾರವನ್ನು ಮುಂದಕ್ಕೆ ಹಂಚುವ ಉಕ್ಕಿನ ಕಂಬಿಗಳುಳ್ಳ ಕೊಂಡಿಗಳಿಂದ ಈ ತೊಂದರೆಯನ್ನು ಸ್ವಲ್ಪಮಟ್ಟಿಗೆ ಸರಿಪಡಿಸಬಹುದು.

ಈ ಲೆಕ್ಕವನ್ನು ಮನೆಯಲ್ಲಿ ಕುಳಿತು ಊಹಿಸುವುದಕ್ಕಿಂತ ತೂಗಿ ನೋಡುವುದೇ ಸರಿ. ಅಮೆರಿಕೆಯ ಹೆದ್ದಾರಿಗಳಲ್ಲಿ ಲಾರಿಗಳು ತಂಗುವ ಕಡೆ ಗಾಡಿ ತೂಗುವ ವೇಬ್ರಿಜ್ಜುಗಳಿವೆ. ಅಲ್ಪ ಹಣಕ್ಕೆ ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೈಲರಿನ ಅಚ್ಚುಗಳು, ಮೂರನ್ನೂ ಬೇರೆ ಬೇರೆಯಾಗಿ ತೂಗಿ ಚೀಟಿ ಕೊಡುತ್ತಾರೆ. ಪ್ರವಾಸಕ್ಕೆ ಹೊರಡುವಾಗ ಹೇಗೆ ತುಂಬುವಿರೋ ಹಾಗೆಯೇ ತುಂಬಿ, ನೀರಿನ ತೊಟ್ಟಿಯನ್ನೂ ಎಣ್ಣೆಯನ್ನೂ ಭರ್ತಿಮಾಡಿ, ಮನೆಯವರನ್ನೂ ಕೂರಿಸಿಕೊಂಡು ತೂಗಿಸಬೇಕು. ಖಾಲಿ ಬಂಡಿಯನ್ನು ತೂಗಿಸಿ ಸಮಾಧಾನಪಟ್ಟುಕೊಳ್ಳುವವರೂ ಇದ್ದಾರೆ.

ತೂಕ ತಿಳಿದ ಮೇಲೆ ಟೈರಿನ ಮಗ್ಗುಲನ್ನು ಓದಬೇಕು. ಅಲ್ಲಿ ‘ಎಲ್‌ಟಿ ೨೭೫/೭೦ ಆರ್ ೧೮’ ಎಂಬಂತೆ ಒಂದು ಬರಹವಿರುವುದು. ಎಲ್‌ಟಿ ಎಂದರೆ ಹಗುರ ಲಾರಿಯ ಜಾತಿ. ೨೭೫ ಎಂಬುದು ಮಿಲಿಮೀಟರುಗಳಲ್ಲಿ ಅಗಲ. ೭೦ ಎಂಬುದು ಆ ಅಗಲಕ್ಕೆ ಮಗ್ಗುಲಿನ ಎತ್ತರ ನೂರಕ್ಕೆ ಎಷ್ಟು ಎಂಬ ಪ್ರಮಾಣ. ೧೮ ಎಂಬುದು ಒಳಗಿನ ಚಕ್ರದ ಅಡ್ಡಳತೆ, ಅಂಗುಲಗಳಲ್ಲಿ. ಇವುಗಳ ಮುಂದೆ ‘೧೨೫/೧೨೨’ ಎಂಬ ಅಂಕಿಗಳಿರುವುವು. ಕೊಳ್ಳುವವರು ಸಾಮಾನ್ಯವಾಗಿ ಕಣ್ಣು ಹಾಯಿಸದೆ ಬಿಡುವ ಈ ಅಂಕಿಗಳೇ ನಮಗೆ ಬೇಕಾದ್ದು. ಇವು ಭಾರದ ಸಂಕೇತಗಳು. ೧೨೧ ಎಂದರೆ ಒಂದು ಟೈರು ಹೊರಬಹುದಾದ ಪರಮಾವಧಿ ೩,೧೯೫ ಪೌಂಡು, ಎಂದರೆ ೧,೪೫೦ ಕಿಲೋಗ್ರಾಮು. ೧೨೩ಕ್ಕೆ ೩,೪೧೫ ಪೌಂಡು. ೧೨೫ಕ್ಕೆ ೩,೬೪೦ ಪೌಂಡು.

ಎರಡನೆಯ ಅಂಕಿ ಏಕೆ ಎಂದರೆ, ಕೆಲವು ಪಿಕಪ್ಪುಗಳಿಗೆ ಹಿಂದೆ ಒಂದೊಂದು ಪಕ್ಕಕ್ಕೆ ಎರಡೆರಡು ಚಕ್ರಗಳಿರುತ್ತವೆ. ಜೋಡಿ ಚಕ್ರಗಳ ನಡುವೆ ಗಾಳಿಯಾಡದೆ ಉಷ್ಣ ನಿಲ್ಲುತ್ತದೆ. ರಸ್ತೆಯ ಉಬ್ಬುತಗ್ಗಿನಿಂದ ಭಾರವೂ ಸಮನಾಗಿ ಹಂಚಿಹೋಗುವುದಿಲ್ಲ. ಆದುದರಿಂದ ಜೋಡಿಯಲ್ಲಿ ಹಾಕಿದ ಟೈರಿಗೆ ನೂರಕ್ಕೆ ಒಂಬತ್ತರಷ್ಟು ಕಡಮೆ ಭಾರವನ್ನೇ ಗೊತ್ತುಮಾಡಿದ್ದಾರೆ.

ಅಂಗಡಿಯವರು ಸಾಮಾನ್ಯವಾಗಿ ಹೇಳುವ ಮಾತು, “ಇದು ಇ ತರಗತಿಯ ಟೈರು, ಹತ್ತು ಪದರದ್ದು” ಎಂಬುದು. ಹತ್ತಿಯ ನೂಲಿನ ಪದರಗಳಿಂದ ಟೈರನ್ನು ಕಟ್ಟುತ್ತಿದ್ದ ಕಾಲದಲ್ಲಿ ಪದರಗಳನ್ನು ಎಣಿಸುವುದರಲ್ಲಿ ಅರ್ಥವಿತ್ತು. ಈಗಿನ ಟೈರಿನ ಮಗ್ಗುಲಲ್ಲಿ ಎರಡೋ ಮೂರೋ ಪದರಗಳಿರುತ್ತವೆ, ಅಷ್ಟೆ. ‘ಹತ್ತು’ ಎಂಬುದು ಹಳೆಯ ಲೆಕ್ಕದ ನೆರಳು. ಸಿ, ಡಿ, ಇ, ಎಫ್ ಎಂಬ ಅಕ್ಷರಗಳು ಆ ಟೈರು ಎಷ್ಟು ಒತ್ತಡವನ್ನು ತಾಳುವುದೆಂಬುದನ್ನು ತಿಳಿಸುತ್ತವೆ. ಸಾಮಾನ್ಯವಾಗಿ ಸಿ ಗೆ ಚದರ ಅಂಗುಲಕ್ಕೆ ೫೦ ಪೌಂಡು, ಡಿ ಗೆ ೬೫, ಇ ಗೆ ೮೦. ಆದರೆ ಒತ್ತಡವೇ ಭಾರವಲ್ಲ. ಪಾತ್ರೆಯ ಗಾತ್ರವೂ ಸೇರಬೇಕಷ್ಟೆ. ಆದಕಾರಣ ಇ ಅಕ್ಷರವನ್ನೇ ಹೊತ್ತ ಎರಡು ಟೈರುಗಳಲ್ಲಿ ಒಂದು ಮತ್ತೊಂದಕ್ಕಿಂತ ನಾನೂರು ಪೌಂಡು ಹೆಚ್ಚು ಹೊರಬಹುದು. ಚೆಲುವಿಗಾಗಿ ಹಾಕಿಸುವ ಅತಿ ಅಗಲದ ಕೆಲವು ಟೈರುಗಳಿಗಂತೂ, ಇ ಅಕ್ಷರವಿದ್ದರೂ, ಪರಮಾವಧಿ ಒತ್ತಡ ೬೫ ಪೌಂಡೇ.

ಇದರಿಂದ ಆಗುವ ಕೇಡನ್ನು ಒಂದು ಲೆಕ್ಕದಿಂದ ತೋರಿಸಬಹುದು. ಒಂದು ಪಿಕಪ್ಪಿನ ಹಿಂದಿನ ಅಚ್ಚಿನ ಮೇಲೆ ಖಾಲಿ ಇರುವಾಗ ೩,೦೦೦ ಪೌಂಡು ಇದೆ. ಅದಕ್ಕೆ ಕಟ್ಟುವ ದೊಡ್ಡ ಟ್ರೈಲರಿನ ತೂಕ ೧೪,೦೦೦. ಅದರ ಐದನೆಯ ಒಂದು ಪಾಲು, ೨,೮೦೦ ಪೌಂಡು, ಹಿಂದಿನ ಅಚ್ಚಿಗೆ ಬಂದಿತು. ಜನರದೂ ಸಲಕರಣೆಗಳದೂ ೬೦೦. ಒಟ್ಟು ೬,೪೦೦, ಒಂದೊಂದು ಟೈರಿಗೆ ೩,೨೦೦. ಕಾರ್ಖಾನೆಯಿಂದ ೧೨೫ರ ಟೈರು ಬಂದಿದ್ದರೆ ಇನ್ನೂ ೪೪೦ ಪೌಂಡು ಕೈಯಲ್ಲಿದೆ. ಅದೇ ಚಕ್ರಕ್ಕೆ ಕೂರುವ, ಅದೇ ಇ ಅಕ್ಷರದ, ಸ್ವಲ್ಪ ಅಗ್ಗವಾದ ೧೨೧ರ ಟೈರನ್ನು ಹಾಕಿಸಿದರೆ, ಗಾಳಿ ಪೂರ್ಣವಾಗಿದ್ದಾಗಲೂ ಮಿತಿ ಮೀರಿಹೋಯಿತು. ಮೀರಿದ್ದು ಐದೇ ಪೌಂಡಲ್ಲವೆ ಎನ್ನಬಹುದು. ಎಡಬಲಗಳಲ್ಲಿ ಭಾರ ಎಂದೂ ಸಮನಾಗಿರದು. ಗಾಳಿ ಸ್ವಲ್ಪವಾದರೂ ಇಳಿದೇ ಇರುವುದು. ರಸ್ತೆಯ ಗುಂಡಿಗಳು ಬೇರೆ. ನೂರಕ್ಕೆ ಹತ್ತರಷ್ಟಾದರೂ ಬಿಡುವಿರಬೇಕೆಂಬುದು ನಮ್ಮ ಅಭಿಪ್ರಾಯ.

ಕಾರಿನ ಟೈರುಗಳ ಮಾತನ್ನೂ ಇಲ್ಲಿಯೇ ಹೇಳಿಬಿಡೋಣ. ಅಳತೆ ಸರಿಹೊಂದಿದರೂ ಅವು ಈ ಕೆಲಸಕ್ಕೆ ಬಾರವು. ಕಾರಿನ ಟೈರನ್ನು ಲಾರಿಯ ಜಾತಿಯ ಬಂಡಿಗೆ ಹಾಕಿದಾಗ ಅದರ ಭಾರದ ಅಂಕಿಯನ್ನು ೧.೧೦ರಿಂದ ಭಾಗಿಸಬೇಕೆಂದು ನಿಯಮವೇ ಇದೆ. ಅಲ್ಲದೆ ಅವುಗಳ ಮೆತ್ತನೆಯ ಮಗ್ಗುಲು ಟ್ರೈಲರು ತಳ್ಳಿದ ಕಡೆಗೆಲ್ಲಾ ವಾಲುತ್ತದೆ.

ಹಾಗಾದರೆ ಬಲವಾದ ಟೈರು ಹಾಕಿಸಿ ಬೇಕಾದಷ್ಟು ಹೇರಬಹುದೆ? ಹೇರಕೂಡದು. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಪ್ರತಿ ಅಚ್ಚಿನ ಪರಮಾವಧಿ ಭಾರ, ಟೈರಿನ ಅಳತೆ, ತುಂಬಬೇಕಾದ ಒತ್ತಡ, ಇವು ಮುದ್ರಿತವಾಗಿರುತ್ತವೆ. ಅಚ್ಚು, ಬಿಲ್ಲು, ಬ್ರೇಕು, ಚಕ್ರ ಇವುಗಳಲ್ಲಿ ಎಲ್ಲಕ್ಕಿಂತ ದುರ್ಬಲವಾದುದರ ಶಕ್ತಿಯೇ ಆ ಮಿತಿ. ಟೈರು ಬದಲಾದುದರಿಂದ ಅದು ಬದಲಾಗದು. ಒಳಗಿನ ಲೋಹದ ಚಕ್ರಕ್ಕೂ ಅದರದೇ ಭಾರದ ಮಿತಿಯುಂಟು. ಗಾಳಿ ತುಂಬುವ ವಾಲ್ವು ಕೂಡ ಸಣ್ಣ ವಿಷಯವಲ್ಲ. ಕಾರುಗಳಿಗೆ ಹಾಕುವ ಸಾಧಾರಣ ರಬ್ಬರು ವಾಲ್ವು ೬೫ ಪೌಂಡಿನವರೆಗೆ ಮಾತ್ರ ತಾಳತಕ್ಕದ್ದು. ೮೦ ಪೌಂಡು ತುಂಬುವ ಟೈರಿಗೆ ಲೋಹದ ವಾಲ್ವನ್ನೋ ಹೆಚ್ಚಿನ ಒತ್ತಡಕ್ಕೆಂದೇ ಮಾಡಿದುದನ್ನೋ ಕೇಳಿ ಹಾಕಿಸಬೇಕು. ಮೂಲಕ್ಕಿಂತ ಎತ್ತರವಾದ ಟೈರನ್ನು ಹಾಕಿಸಿದರೆ ಬಂಡಿಯ ಎಳೆಯುವ ಬಲವೂ ಬ್ರೇಕಿನ ಹಿಡಿತವೂ ಕುಗ್ಗುತ್ತವೆ. ವೇಗವನ್ನು ತೋರಿಸುವ ಮುಳ್ಳು ನಿಜಕ್ಕಿಂತ ಕಡಮೆಯನ್ನೇ ಹೇಳುತ್ತದೆ.

ನೆಲ ಕಚ್ಚುವ ಗೀರುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಹೆದ್ದಾರಿಯಲ್ಲಿಯೇ ಎಳೆಯುವವರಿಗೆ ಉದ್ದನೆಯ ಪಟ್ಟೆಗಳುಳ್ಳ ಹೆದ್ದಾರಿಯ ಟೈರೇ ಲೇಸು. ಕೆಸರಿನ ಟೈರಿನ ಎತ್ತರವಾದ ಹಲ್ಲುಗಳು ಭಾರದಡಿಯಲ್ಲಿ ಮುಲುಗುಟ್ಟುತ್ತಾ ಬಗ್ಗುವುವು. ಅದರಿಂದ ಉಷ್ಣವೂ ಸದ್ದೂ ಹೆಚ್ಚು, ಬಂಡಿಯ ನಡೆಯಲ್ಲಿ ಸ್ಥಿರತೆ ಕಡಮೆ. ಹಿಮ ಬೀಳುವ ಸೀಮೆಯವರು ಮೂರು ಶಿಖರಗಳ ನಡುವೆ ಹಿಮದ ಹರಳಿರುವ ಗುರುತನ್ನು ನೋಡಿ ಕೊಳ್ಳಬೇಕು. ಆ ಗುರುತು ಪರೀಕ್ಷೆಯಲ್ಲಿ ತೇರ್ಗಡೆಯಾದ ಟೈರಿಗೆ ಮಾತ್ರ ಸಲ್ಲುತ್ತದೆ.

ಟೈರಿಗೆ ವಯಸ್ಸೂ ಉಂಟು. ಮಗ್ಗುಲ ಮೇಲೆ ಡಾಟ್ ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ಅದು ಹುಟ್ಟಿದ ವಾರವನ್ನೂ ವರ್ಷವನ್ನೂ ಹೇಳುತ್ತವೆ. ೨೩೧೯ ಎಂದಿದ್ದರೆ ೨೦೧೯ನೆಯ ಇಸವಿಯ ೨೩ನೆಯ ವಾರ. ಉಪಯೋಗಿಸದೆ ಇಟ್ಟರೂ ರಬ್ಬರು ಗಾಳಿಯ ಆಮ್ಲಜನಕದಿಂದಲೂ ಬಿಸಿಲಿನಿಂದಲೂ ಬಿರುಸಾಗುತ್ತದೆ. ಆರು ವರ್ಷಗಳಿಗೆ ಬದಲಾಯಿಸಿರೆಂದು ಫೋರ್ಡ್ ಕಂಪೆನಿ ಹೇಳುತ್ತದೆ. ಹತ್ತು ವರ್ಷ ಮೀರಿದುದನ್ನು ಯಾವ ಕಾರಣಕ್ಕೂ ಬಳಸಬೇಡಿರೆಂದು ಮಿಶೆಲಿನ್ ಕಂಪೆನಿ. ‘ಹೊಸ’ ಟೈರೆಂದು ಅಂಗಡಿಯವರು ತಂದಿಟ್ಟುದರ ಅಂಕಿಗಳನ್ನು ಓದುವುದರಲ್ಲಿ ಸಂಕೋಚ ಬೇಡ. ವರ್ಷದಲ್ಲಿ ಹತ್ತು ತಿಂಗಳು ಅಂಗಳದಲ್ಲಿ ನಿಂತಿರುವ ಟ್ರೈಲರಿನ ಟೈರುಗಳು ಸವೆಯುವುದಕ್ಕಿಂತ ಮುಂಚೆ ಮುದಿಯಾಗುತ್ತವೆ. ಗೀರು ಆಳವಾಗಿದೆಯೆಂದು ನಂಬಿ ಹೊರಡುವಂತಿಲ್ಲ. ಆ ಟೈರುಗಳಿಗೆ ಎಸ್‌ಟಿ ಎಂಬ ಗುರುತಿರುವುದು. ಬೇರೆ ಗುರುತಿಲ್ಲದಿದ್ದರೆ ಅವುಗಳ ವೇಗದ ಮಿತಿ ಗಂಟೆಗೆ ೬೫ ಮೈಲಿ. ಅವನ್ನು ಬಂಡಿಗೆ ಹಾಕಕೂಡದು.

ಇಷ್ಟೆಲ್ಲಾ ನೋಡಿ ಆರಿಸಿದ ಟೈರಿನಲ್ಲಿ ಗಾಳಿ ಕಡಮೆಯಿದ್ದರೆ ಆರಿಸಿದ್ದೂ ವ್ಯರ್ಥವೇ. ೧೨೫ ಎಂಬ ಸಂಕೇತದ ೩,೬೪೦ ಪೌಂಡು ಶಕ್ತಿಯು ೮೦ ಪೌಂಡು ಒತ್ತಡವಿದ್ದಾಗ ಮಾತ್ರ. ಒತ್ತಡವಿಳಿದಂತೆ ಶಕ್ತಿಯೂ ಇಳಿಯುವುದು. ಎಷ್ಟಕ್ಕೆ ಎಷ್ಟೆಂಬ ಪಟ್ಟಿಗಳನ್ನು ಟೈರಿನ ಕಂಪೆನಿಗಳು ಪ್ರಕಟಿಸಿವೆ. ಕಣ್ಣಿನಿಂದ ನೋಡಿ ತಿಳಿಯಲಾಗದು, ಈಗಿನ ಟೈರುಗಳ ಮಗ್ಗುಲು ಗಾಳಿ ಸರಿಯಾಗಿದ್ದರೂ ಕೊಂಚ ಉಬ್ಬಿಯೇ ಇರುತ್ತದೆ. ಬೆಳಿಗ್ಗೆ, ಬಂಡಿ ಹೊರಡುವುದಕ್ಕೆ ಮೊದಲು, ಟೈರು ತಣ್ಣಗಿರುವಾಗ ಮಾಪಕವಿಟ್ಟು ಅಳೆಯಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುವುದನ್ನು ಕಂಡು ಗಾಳಿ ಬಿಡುವವರುಂಟು, ಅದು ತಪ್ಪು. ಹವೆಯ ಉಷ್ಣತೆ ಫ್ಯಾರನ್‌ಹೀಟಿನ ಹತ್ತು ಡಿಗ್ರಿ ಇಳಿದರೆ ೮೦ ಪೌಂಡಿನ ಟೈರಿನಲ್ಲಿ ಸುಮಾರು ಎರಡು ಪೌಂಡು ಇಳಿಯುತ್ತದೆ. ಆದ್ದರಿಂದ ಚಳಿಗಾಲದ ಮೊದಲ ವಾರದಲ್ಲಿ ವಿಶೇಷವಾಗಿ ನೋಡಬೇಕು.

ಗಾಳಿ ಇಳಿದರೆ ದೀಪ ಹತ್ತಿಸಿ ಎಚ್ಚರಿಸುವ ಯಂತ್ರವಿದೆಯಲ್ಲವೆ ಎಂದು ಕೆಲವರು ಕೇಳಿಯಾರು. ಅಮೆರಿಕೆಯ ಕಾಯಿದೆಯ ಪ್ರಕಾರ ೨೦೦೭ರಿಂದ ಹಗುರ ಬಂಡಿಗಳೆಲ್ಲಕ್ಕೂ ಅದು ಕಡ್ಡಾಯ. ಆದರೆ ಗೊತ್ತಾದ ಒತ್ತಡದಲ್ಲಿ ನೂರಕ್ಕೆ ೨೫ ಪಾಲು ಇಳಿಯುವವರೆಗೆ ದೀಪ ಹತ್ತಲೇಬೇಕೆಂದು ಆ ಕಾಯಿದೆ ಕೇಳುವುದಿಲ್ಲ. ೮೦ ಪೌಂಡಿನ ಟೈರು ೬೦ಕ್ಕೆ ಇಳಿದಾಗ ದೀಪ ಹತ್ತಿತೆನ್ನಿ. ಅಷ್ಟು ಹೊತ್ತಿಗೆ ಮೇಲೆ ಹೇಳಿದ ೩,೨೦೦ ಪೌಂಡು ಅದಕ್ಕೆ ಮಿತಿಮೀರಿದ ಭಾರವಾಗಿ ಎಷ್ಟೋ ಮೈಲಿ ಕಳೆದಿರುತ್ತದೆ. ಒಟ್ಟು ಮಿತಿ ೧೦,೦೦೦ ಪೌಂಡಿಗೆ ಮೀರಿದ ಬಂಡಿಗಳಿಗೂ, ಹಿಂದೆ ಜೋಡಿ ಚಕ್ರವುಳ್ಳವಕ್ಕೂ ಆ ಕಾಯಿದೆ ಅನ್ವಯಿಸದು. ಹೆಚ್ಚು ಭಾರ ಎಳೆಯುವವು ಇವೇ ಎಂಬುದು ವಿಚಿತ್ರ. ಭಾರವಿಲ್ಲದೆ ಓಡಾಡುವ ದಿನಗಳಲ್ಲಿ ೮೦ ಪೌಂಡು ಇಟ್ಟರೆ ಬಂಡಿ ಕುಪ್ಪಳಿಸುವುದು, ಟೈರಿನ ನಡುಭಾಗ ಬೇಗ ಸವೆಯುವುದು. ಆಗ ಪಟ್ಟಿಯನ್ನು ನೋಡಿ ಇಳಿಸಿಕೊಳ್ಳಬಹುದು. ಟ್ರೈಲರನ್ನು ಕಟ್ಟುವ ಹಿಂದಿನ ರಾತ್ರಿ ಮತ್ತೆ ತುಂಬುವುದನ್ನು ಮಾತ್ರ ಮರೆಯಕೂಡದು.

ನಾಲ್ಕನ್ನೂ ಒಟ್ಟಿಗೆ ಬದಲಾಯಿಸುವುದು ಉತ್ತಮ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹೋಗುವ ಬಂಡಿಗಳಲ್ಲಿ ಸುತ್ತಳತೆ ಹೆಚ್ಚುಕಡಮೆಯಾದರೆ ಹಲ್ಲುಚಕ್ರಗಳಿಗೆ ಪೆಟ್ಟು. ಹಣದ ಅಡಚಣೆಯಿಂದ ಎರಡನ್ನೇ ಕೊಂಡರೆ ಹೊಸವನ್ನು ಹಿಂದಕ್ಕೆ ಹಾಕಿಸಬೇಕು. ಮಳೆಯಲ್ಲಿ ಹಿಂಭಾಗ ಜಾರಿದರೆ ಟ್ರೈಲರು ಕಟ್ಟಿದ ಬಂಡಿಯನ್ನು ಹಿಡಿದು ನಿಲ್ಲಿಸುವುದು ಬಹು ಕಷ್ಟ. ಬಿಡಿ ಚಕ್ರದ ಟೈರೂ ಅದೇ ಭಾರದ ಸಂಕೇತವುಳ್ಳದ್ದಾಗಿರಲಿ. ಅಂಗಡಿಯಿಂದ ಹೊರಟ ಮೇಲೆ ಐವತ್ತರಿಂದ ನೂರು ಮೈಲಿಯೊಳಗೆ ಒಮ್ಮೆ ನಿಲ್ಲಿಸಿ, ಚಕ್ರಗಳ ನಟ್ಟುಗಳನ್ನು ಅಳತೆಯ ಸ್ಪ್ಯಾನರಿನಿಂದ ಮತ್ತೆ ಬಿಗಿಸಿ ನೋಡತಕ್ಕದ್ದು. ಹೊಸದಾಗಿ ಕೂರಿಸಿದ ಚಕ್ರ ಓಡಾಟದಲ್ಲಿ ಕೊಂಚ ಒಳಸರಿದು ನಟ್ಟು ಸಡಿಲವಾಗುವುದುಂಟು.